ಒಜೆಲಾ ಅಕ್ಕ ತೊಳೆದಿಟ್ಟ ಗೋರಿಗಳು

ನಮ್ಮ ಹಾರ್ಲೋ ಪಾಯಿಂಟಿಗೆ ಬರುವವರು ಮೊದಲು ನೋಡುವುದು ನದಿ ದಂಡೆಯ ಬಿಳಿ ಕಂಬಗಳ ಬಂಗಲೆಯನ್ನು. ಆಮೇಲೆ ಕೋಟೆ, ದೀಪಸ್ತಂಭ, ಸಿಂಪಿ ಚಿಪ್ಪಿನ ಗಾರೆಯಲ್ಲಿ ಕಟ್ಟಿದ, ಈಗ ಗೋಡೆ ಮಾತ್ರ ಉಳಿದಿರುವ ಹಳೇ ಚರ್ಚು. ಬಿಸಿಲು ತಡೆಯದವರು ದೊಡ್ಡ ಓಕ್ ಮರದ ಕೆಳಗೆ ಕೂತು ಬೇಯಿಸಿದ ಕಡಲೆಕಾಯಿ ತಿನ್ನುತ್ತಾರೆ, ಕೊಂಬೆಗಳಿಂದ ಜಡೆಜಡೆಯಾಗಿ ಇಳಿಬಿದ್ದ ಪಾಚಿಯ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಒಜೆಲಾ ಮಂಗಿನ್‌ಳನ್ನು ಅವರು ಯಾರೂ ನೋಡಿದವರಲ್ಲ. ನೋಡಿದ್ದರೂ, ಬಂಗಲೆಯ ಹಿಂದಿನ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿರುವ ಗಿಡ್ಡ ಮುದುಕಿ ಯಾರೋ ಅಂದುಕೊಂಡು ಮುಂದೆ ಹೋಗಿರುತ್ತಾರೆ. ಆ ಬಂಗಲೆ ಫಳಫಳ ಅನ್ನುತ್ತಿದ್ದದ್ದೇ ಅವಳ ಕೈಯಿಂದ.

ಒಜೆಲಾ ನನ್ನ ದೊಡ್ಡಪ್ಪನ ಮಗಳು. ನನ್ನ ಹೆಸರು ಪರ್ಲೀ. ಬಾಯಿ ಸುಮ್ಮನಿರದ ಪರ್ಲೀ ಎಲ್ಲಿದ್ದಾಳೆ ಎಂದು ಕೇಳಿದರೆ ಊರಲ್ಲಿ ಯಾರಾದರೂ ಮನೆ ತೋರಿಸುತ್ತಾರೆ. ಅಕ್ಕನ ಬಗ್ಗೆ ಈಗ ಜನ ಬಾಯಿಗೆ ಬಂದಂತೆ ಮಾತಾಡುತ್ತಾರೆ. ಗೋರಿಗಳನ್ನೆಲ್ಲ ಕಲಸಿಬಿಟ್ಟಳು ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕಲಸಿದ್ದು ನಿಜ. ಆದರೆ ಯಾಕೆ ಕಲಸಿದಳು, ಆಮೇಲೆ ಏನಾಯಿತು, ಅದನ್ನು ನೆಟ್ಟಗೆ ಹೇಳುವವರು ಬೇಡವೇ?

ಬಂಗಲೆಯ ಹಜಾರದಲ್ಲಿ ಗಾಜಿನ ಕಪಾಟುಗಳ ತುಂಬ ಪಿಂಗಾಣಿ ಸಾಮಾನು. ಯಾವ ಕಾಲದ್ದೋ, ಯಾವ ದೊರೆಸಾನಿ ತಂದದ್ದೋ. ಅಕ್ಕನಿಗೆ ಒಂದೊಂದು ಸಾಮಾನನ್ನು ಎತ್ತಿ ಅದರ ಕೆಳಗೆ ಒರೆಸುವ ಕೆಲಸ ಹಿಡಿಸುತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಇಳಿಸಿ, ನೆಲದ ಮೇಲೆ ಹಾಸಿದ ಕಂಬಳಿಯಲ್ಲಿ ಹರಡಿ, ತೊಳೆದು, ಒರೆಸಿ, ಮತ್ತೆ ಒಬ್ಬಳೇ ಜೋಡಿಸುತ್ತಿದ್ದಳು. ಪಕ್ಕದಲ್ಲಿ ಯಾರಾದರೂ ಕೈ ಹಾಕಿದರೆ, "ಮುಟ್ಟಿದ್ರೆ ಬೆರಳು ಮುರಿದುಬಿಡ್ತೀನಿ ನೋಡು" ಎಂದು ಗದರುತ್ತಿದ್ದಳು. ಅಷ್ಟು ವರ್ಷದಲ್ಲಿ ಒಂದು ಬಟ್ಟಲು ಜಾಗ ತಪ್ಪಿದ್ದಿಲ್ಲ, ಒಂದರ ಕಿವಿ ಮುರಿದದ್ದಿಲ್ಲ. ಇದು ಅವಳ ಹೆಮ್ಮೆ. ಸ್ವಲ್ಪ ಜಂಬ ಅಂತಲೇ ಹೇಳಬೇಕು. ನನ್ನ ಮನೆಗೆ ಬಂದರೂ ಅಡುಗೆಮನೆ ಕಡೆ ಕಣ್ಣು ಹಾಯಿಸಿ, "ಏನೇ ಇದು, ಚಂಡಮಾರುತ ಇಲ್ಲಿಂದಾನೇ ಹೊರಡೋದಾ?" ಎಂದು ಕೇಳುವವಳು.

ಅವಳು ಮದುವೆಯಾಗಲಿಲ್ಲ. ತಮ್ಮ ಜೊನಾಸ್ ಇದ್ದ. ಅವನ ಮೈ ಬೆಳೆಯಿತು, ಬುದ್ಧಿ ಆರೇಳು ವರ್ಷದ ಹುಡುಗನದಾಗಿಯೇ ನಿಂತುಬಿಟ್ಟಿತು. ಓಕ್ ಮರದ ಕೆಳಗೆ ಕಡಲೆಕಾಯಿ ಹಂಡೆ ಇಟ್ಟುಕೊಂಡು ಕೂರುತ್ತಿದ್ದವನು ಅವನೇ. ಪ್ರವಾಸಿಗರ ಫೋಟೋಗಳಲ್ಲೆಲ್ಲ ಹಲ್ಲು ಬಿಟ್ಟುಕೊಂಡು ನಿಂತಿರುತ್ತಾನೆ. ಹಗಲು ಹೊತ್ತಿನಲ್ಲಿ ಅವನಿಗೆ ಎಲ್ಲರೂ ಗೆಳೆಯರು. ಕತ್ತಲಾದರೆ ಮಾತ್ರ ನಡುಕ. ಅವರಮ್ಮ ಲವೀನಿಯಾ ಇರುವ ತನಕ ಅಮ್ಮನ ಪಕ್ಕದಲ್ಲೇ ಮಲಗುತ್ತಿದ್ದ. ದೊಡ್ಡಮ್ಮ ಸಾಯುವಾಗ ಅಕ್ಕನ ಕೈ ಹಿಡಿದುಕೊಂಡು ಹೇಳಿದ್ದನ್ನು ನಾನೂ ಕೇಳಿದ್ದೇನೆ. "ಇವನ ಕಾಲ ಬಂದಾಗ ನನ್ನ ಪಕ್ಕಕ್ಕೇ ತಂದು ಮಲಗಿಸೇ. ಗುರುತಿಲ್ಲದವರ ಮಧ್ಯೆ ಹೆದರ್ಕೊಳ್ತಾನೆ ಕಣೇ ಮಗು." ಆಗ ಆ ಮಗುವಿಗೆ ಮೀಸೆ ಬಂದಿತ್ತು. ಅಕ್ಕ ಆಗಲಿ ಎಂದು ಮಾತು ಕೊಟ್ಟಳು.

ನಮ್ಮವರನ್ನು ಹೂಳುವುದು ಜವುಗಿನ ಅಂಚಿನ ದಿಬ್ಬದ ಮೇಲೆ, ಓಕ್ ಮರಗಳ ತೋಪಿನಲ್ಲಿ. ಅಲ್ಲಿ ಕಲ್ಲು ಕಮ್ಮಿ. ಮರದ ಹಲಗೆಗಳು ಉಪ್ಪುಗಾಳಿಗೆ ಯಾವತ್ತೋ ಪುಡಿಯಾದವು. ಸತ್ತವರು ಕೊನೆಗೆ ಬಳಸಿದ ವಸ್ತುವನ್ನು ಗೋರಿಯ ಮೇಲೆ ಇಡುವುದು ನಮ್ಮ ಪದ್ಧತಿ. ಚಹಾ ಬಟ್ಟಲು, ಔಷಧಿ ಬಾಟಲಿ, ದೀಪ, ಗಡಿಯಾರ. ಇಡುವ ಮೊದಲು ತಳಕ್ಕೆ ತೂತು ಹೊಡೆಯುತ್ತೇವೆ, ಇಲ್ಲವೇ ಒಂದು ಕಡೆ ಸೀಳು ಬಿಡುತ್ತೇವೆ. ಹಾಗೆ ಮಾಡದಿದ್ದರೆ ಮನೆಯ ಇನ್ನೊಬ್ಬರು ಹಿಂದೆಯೇ ಹೊರಡುತ್ತಾರೆ ಎಂಬ ಭಯ. ದೊಡ್ಡಮ್ಮನ ಮೇಲೆ ಅವಳ ನೀಲಿ ಕಾಫಿ ಕೆಟಲು. ನಮಗೆ ದಾರಿ ಗೊತ್ತಾಗುತ್ತಿದ್ದದ್ದೂ ಹಾಗೆಯೇ: ಗಡಿಯಾರ ದಾಟಿ ಎಡಕ್ಕೆ ತಿರುಗಿದರೆ ನನ್ನಪ್ಪ, ಮುಂದೆ ಹೋದರೆ ಕೆಟಲು.

ಹೋದ ವಸಂತದಲ್ಲಿ ಊರಿನ ಪ್ರವಾಸಿ ಸಮಿತಿಯವರು ನಮ್ಮ ದಿಬ್ಬವನ್ನೂ ನೋಡತಕ್ಕ ಸ್ಥಳಗಳ ನಕ್ಷೆಗೆ ಸೇರಿಸಿದರು. ಕೋಟೆ, ದೀಪಸ್ತಂಭ, ಅದರ ಕೆಳಗೆ ನಮ್ಮಜ್ಜಿ ಮುತ್ತಜ್ಜಿಯರು! ನಾವು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚರ್ಚಿನ ಹೆಂಗಸರ ಸಂಘದಲ್ಲಿ ಅಕ್ಕ ಎದ್ದು ನಿಂತಳು.

"ನೆಂಟರು ಬರ್ತಾರೆ ಅಂದ್ರೆ ಪಾತ್ರೆ ತೊಳೀದೆ ಕೂತಿರ್ತೀರೇನ್ರೇ? ಆ ಬಟ್ಟಲುಗಳ ಮೇಲೆ ಪಾಚಿ ಬೆಳೆದು ಹಸಿರಾಗಿದೆ. ಸತ್ತೋರಿಗೂ ಒಂದು ಮರ್ಯಾದೆ ಬೇಡ್ವೇ?"

ಸಭೆಗೆ ಬಂದಿದ್ದ ಚರ್ಚಿನ ಹಿರಿಯ, ಡೀಕನ್ ಸೀಫಸ್ ರಿವರ್ಸ್ ಒಬ್ಬನೇ ಬೇಡವೆಂದವನು. ಸೀಗಡಿ ದೋಣಿ ನಡೆಸಿ ಗಂಟಲು ಕಟ್ಟಿದ ಮನುಷ್ಯ, ಮಾತಾಡಿದರೆ ಸರಪಳಿ ಎಳೆದ ಹಾಗೆ. "ಅಕ್ಕ, ಅವರ ಸಾಮಾನಿಗೆ ಕೈ ಹಾಕ್ಬೇಡ," ಎಂದ.

"ನಾನೇನು ಕದೀತೀನೇನೋ? ತೊಳೆದು ಅಲ್ಲೇ ಇಡ್ತೀನಿ."

ಇಟ್ಟಳು. ನಾನೇ ನೀರಿನ ಪೈಪು ಹಿಡಿದವಳು. ಬಂಗಲೆಯಲ್ಲಿ ಮಾಡಿದ ಹಾಗೇ ಎಲ್ಲವನ್ನೂ ಎತ್ತಿಸಿ ಕಂಬಳಿಗಳ ಮೇಲೆ ಹರಡಿಸಿದಳು. ಎಲೆ ಗುಡಿಸಿ, ಪೊದೆ ಸವರಿ, ಉಬ್ಬುತಗ್ಗಾದ ಮಣ್ಣನ್ನು ಕುಂಟೆಯಿಂದ ಸಮ ಮಾಡಿಸಿದಳು. ಕಾಲಿಗೆ ತೊಡರುತ್ತದೆ ಎಂದು ಒಂದೆರಡು ಮೋಟು ಮರಗಳನ್ನೂ ಕೀಳಿಸಿದಳು. ಕೊನೆಗೆ ಎಲ್ಲರನ್ನೂ ಆಚೆ ನಿಲ್ಲಿಸಿ ಒಬ್ಬಳೇ ಜೋಡಿಸಿದಳು. ಎಲ್ಲೂ ನಿಂತು ಯೋಚಿಸಲಿಲ್ಲ. ಆ ಸಂಜೆ ದಿಬ್ಬದ ಮೇಲೆ ಗಾಜು, ಪಿಂಗಾಣಿ ಎಲ್ಲ ಬಿಸಿಲಿಗೆ ಹೊಳೆಯುವುದನ್ನು ನೋಡಿ ನಮ್ಮ ಕಣ್ಣಲ್ಲಿ ನೀರು ಬಂತು. ಪ್ರವಾಸಿಗರು ಬಂದರು, ಟೋಪಿ ತೆಗೆದರು, ಫೋಟೋ ಹೊಡೆದರು. ಸೀಫಸ್ ಕೂಡ ಬಂದು ನೋಡಿಕೊಂಡು ಹೋದ.

ಜುಲೈ ತಿಂಗಳಲ್ಲಿ ಜೊನಾಸ್ ಹೋದ. ಮರದ ಕೆಳಗೆ, ತನ್ನ ಕುರ್ಚಿಯಲ್ಲೇ, ಊಟದ ಹೊತ್ತಿಗೆ. ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡು ಪ್ರವಾಸಿಗಳಿಬ್ಬರು ಅವನ ಹಂಡೆಯಿಂದ ತಾವೇ ಕಡಲೆಕಾಯಿ ತೆಗೆದುಕೊಂಡು ತಿನ್ನುತ್ತ ಕೂತಿದ್ದರಂತೆ. ಅಕ್ಕ ಅಳಲಿಲ್ಲ. "ಅಮ್ಮನ ಹತ್ರ ಬಿಟ್ಟು ಬಂದ್ಮೇಲೆ ಅಳ್ತೀನಿ. ಕೆಲಸ ಮುಗೀಲಿ," ಎಂದಳು.

ಶನಿವಾರ ಮಣ್ಣು. ಶುಕ್ರವಾರ ಬೆಳಿಗ್ಗೆ ಗುಂಡಿ ತೋಡುವ ಎಲೈಜಾ ಬಂದ. ಅಕ್ಕ, ನಾನು, ಪಾದ್ರಿ ಜೊತೆಯಲ್ಲಿದ್ದೆವು. ಅವನ ಕೈಯಲ್ಲಿ ಯಾವಾಗಲೂ ಒಂದು ಉದ್ದನೆಯ ಕಬ್ಬಿಣದ ಸರಳು ಇರುತ್ತದೆ. ಒಂದು ಸಲ ಅಗೆದ ನೆಲ ಎಷ್ಟು ಕಾಲವಾದರೂ ಮೊದಲಿನಷ್ಟು ಗಟ್ಟಿಯಾಗುವುದಿಲ್ಲವಂತೆ. ಸರಳು ಇಳಿದರೆ ಅಲ್ಲಿ ಯಾರೋ ಇದ್ದಾರೆ, ಇಳಿಯದಿದ್ದರೆ ಜಾಗ ಖಾಲಿ. ಅಕ್ಕ ನೀಲಿ ಕೆಟಲಿನ ಹತ್ತಿರ ನಿಂತು, "ಇದು ನಮ್ಮಮ್ಮ. ಇವಳ ಎಡಗಡೆ ತೋಡಪ್ಪ," ಎಂದಳು.

ಎಲೈಜಾ ಎಡಗಡೆ ಚುಚ್ಚಿದ. ಇಳಿಯಲಿಲ್ಲ. "ಖಾಲಿ ಇದೆ, ಒಳ್ಳೇದಾಯ್ತು," ಎಂದ. ಆಮೇಲೆ ದೊಡ್ಡಮ್ಮನ ಅಂಚು ಎಲ್ಲಿಗೆ ಬರುತ್ತದೆ ನೋಡೋಣವೆಂದು ಕೆಟಲಿನ ಪಕ್ಕದಲ್ಲೇ ಚುಚ್ಚಿದ. ಇಳಿಯಲಿಲ್ಲ. ಕೆಟಲಿನ ಹಿಂದೆ ಚುಚ್ಚಿದ. ಮೈಯ ಭಾರವನ್ನೆಲ್ಲ ಬಿಟ್ಟ. ಸರಳು ಬಾಗಿತೇ ಹೊರತು ಒಳಗೆ ಹೋಗಲಿಲ್ಲ.

"ಮಿಸ್ ಒಜೆಲಾ," ಎಂದ ಎಲೈಜಾ, ಅಕ್ಕನ ಮುಖ ನೋಡದೆ. "ಇಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರೆ? ನಮ್ಮಮ್ಮ ಇದ್ದಾಳೆ."

"ಈ ನೆಲಾನ ಯಾರೂ ಯಾವತ್ತೂ ಅಗೆದೇ ಇಲ್ಲ ಕಣಮ್ಮ."

ಅಕ್ಕ ಕೆಟಲನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನಿಧಾನವಾಗಿ ಸುತ್ತ ತಿರುಗಿ ಎಲ್ಲ ಗೋರಿಗಳನ್ನೂ ನೋಡಿದಳು, ಪರವೂರಿನ ಬಸ್ ನಿಲ್ದಾಣದಲ್ಲಿ ಇಳಿದವರು ನೋಡುವ ಹಾಗೆ. "ಕೆಟಲಿನ ಪಕ್ಕ ಒಂದು ದೇವದಾರು ಮೋಟು ಇತ್ತಲ್ಲೇ ಪರ್ಲೀ?" ಎಂದಳು. ಇತ್ತು. ಅದನ್ನು ಅವಳೇ ಕೀಳಿಸಿದ್ದಳು. ಎಲ್ಲಿಂದ ಕಿತ್ತದ್ದು ಎಂದು ಈಗ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಬಂಗಲೇಲಿ ಬಟ್ಟಲು ಎತ್ತಿದ್ರೂ ಕಪಾಟು ಅಲ್ಲೇ ಇರ್ತದೆ," ಎಂದಳು, ಯಾರಿಗೆ ಹೇಳುತ್ತಿದ್ದಾಳೋ. "ಇಲ್ಲಿ ಕಪಾಟೇ ಇರ್ಲಿಲ್ಲ. ಯಾಕೆ ಹೊಳೀಲಿಲ್ಲ ನಂಗೆ? ಯಾಕೆ ಹೊಳೀಲಿಲ್ಲ?"

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಮಧ್ಯಾಹ್ನದೊಳಗೆ ಅರ್ಧ ಊರು ದಿಬ್ಬದ ಮೇಲಿತ್ತು. ದೊಡ್ಡಮ್ಮ ಕೆಟಲಿನ ಕೆಳಗಿಲ್ಲವಾದರೆ, ಗಡಿಯಾರದ ಕೆಳಗೆ ಯಾರು? ದೀಪದ ಕೆಳಗೆ ಯಾರು? ಒಬ್ಬಳು ತನ್ನ ಗಂಡನ ಮೇಲೆ ಬೇರೆ ಯಾರದೋ ಚಹಾ ಬಟ್ಟಲಿದೆ ಎಂದು ಗೋಳಾಡಿದಳು. ಇನ್ನೊಬ್ಬಳು, ತಾಯಂದಿರ ದಿನ ತಾನು ಹೂವಿಟ್ಟದ್ದು ಅಮ್ಮನಿಗೋ ಅಥವಾ ಅಮ್ಮನನ್ನು ಕಂಡರಾಗದ ಎದುರುಮನೆಯವಳಿಗೋ ಎಂದು ಎಲ್ಲರನ್ನೂ ಕೇಳುತ್ತ ತಿರುಗಿದಳು. ನನ್ನಪ್ಪ ಎಲ್ಲಿ ಎಂದು ಹುಡುಕಲು ನಾನೂ ಹೊರಟೆ, ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಿಂತೆ. ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ಅಂದಾಜಿನ ಜಾಗಕ್ಕೆ ಹೋಗಿ ಅಪ್ಪನ ಜೊತೆ ಮಾತಾಡಿ ಬರುತ್ತೇನೆ.

ಮುದುಕರೆಲ್ಲ ನೆನಪು ಕೆದಕಿದರು. ಕೆದಕಿದಷ್ಟೂ ಗೋಜಲಾಯಿತು.

"ಲವೀನಿಯಾಳನ್ನ ತಾಳೆಮರದ ನೆರಳಲ್ಲಿ ಹೂತದ್ದು."

"ಯಾವ ತಾಳೆಮರ ಮಾರಾಯಾ? ಅದು ಚಂಡಮಾರುತಕ್ಕೆ ಬಿದ್ದು ಎಷ್ಟು ಕಾಲ ಆಯ್ತು."

"ಹಳ್ಳದಿಂದ ಇಪ್ಪತ್ತು ಹೆಜ್ಜೆ ಅಂತ ನಮ್ಮಪ್ಪ ಹೇಳ್ತಿದ್ದ."

"ಹಳ್ಳ ದಂಡೆ ತಿಂದ್ಕೊಂಡು ತಿಂದ್ಕೊಂಡು ಈಚೆಗೆ ಬಂದಿದೆ. ನಿಮ್ಮಪ್ಪನ ಹೆಜ್ಜೆ ಈಗ ನೀರಲ್ಲಿ ಬೀಳ್ತದೆ!"

ಪ್ರವಾಸಿ ಸಮಿತಿಯ ಹೆಂಗಸೊಬ್ಬಳು ಓಡಿ ಬಂದಳು. ಪಾಪ, ಒಳ್ಳೆಯವಳೇ. ನೆಲದೊಳಗೆ ನೋಡುವ ಯಂತ್ರವಿದೆ, ವಿಶ್ವವಿದ್ಯಾಲಯದವರನ್ನು ಕರೆಸಬಹುದು ಎಂದಳು. "ಅದು ಹೆಸರು ಹೇಳ್ತದಾ?" ಎಂದು ಕೇಳಿದೆ. ಹೆಸರು ಹೇಳುವುದಿಲ್ಲ, ಯಾರೋ ಇದ್ದಾರೆ ಎಂದಷ್ಟೇ ಹೇಳುತ್ತದೆ ಎಂದಳು. "ಅಷ್ಟು ಹೇಳೋಕೆ ನಮ್ಮ ಎಲೈಜಾನ ಸರಳೇ ಸಾಕು ತಾಯಿ," ಎಂದು ಕಳಿಸಿದೆ.

ಕೊನೆಗೆ ಒಂದು ಮಾತಿಗೆ ಮಾತ್ರ ಎಲ್ಲರೂ ಒಪ್ಪಿದರು. ಲವೀನಿಯಾ ದೊಡ್ಡಮ್ಮ ಮತ್ತು ಸೀಫಸನ ತಾಯಿ ರೋಸಬೆಲ್ ಅಕ್ಕಪಕ್ಕದ ಮನೆಯವರು, ಒಂದೇ ಚಳಿಗಾಲದಲ್ಲಿ ಹೋದವರು. ಇಬ್ಬರನ್ನೂ ಹೂತದ್ದು ದಿಬ್ಬದ ಹಿರೇ ಓಕ್ ಮರದ ಮೂಲೆಯಲ್ಲಿ. ಒಬ್ಬಳು ಮರದ ಬೇರಿನ ಕಡೆಗೆ, ಇನ್ನೊಬ್ಬಳು ಸ್ವಲ್ಪ ಒಳಗೆ. ಎಲೈಜಾ ಆ ಮೂಲೆಗೆ ಹೋಗಿ ಚುಚ್ಚಿದ. ಸರಳು ಬೆಣ್ಣೆಗೆ ಇಳಿದ ಹಾಗೆ ಎರಡು ಕಡೆ ಇಳಿಯಿತು. ಒಳಗಿನ ಗೋರಿಯ ಸುತ್ತ ಉಳಿದ ಗೋರಿಗಳು ಒತ್ತಿಕೊಂಡಿದ್ದವು, ಕೈ ಆಡಿಸಲು ಜಾಗವಿಲ್ಲ. ಬೇರಿನ ಕಡೆಯವಳಿಗೂ ಆ ದೊಡ್ಡ ಬೇರಿಗೂ ಮಧ್ಯೆ ಒಬ್ಬ ಮನುಷ್ಯನಿಗೆ ಆಗುವಷ್ಟು ನೆಲ ಖಾಲಿ ಇತ್ತು. ಅಷ್ಟೇ.

ಆದರೆ ಬೇರಿನ ಕಡೆಯವಳು ಯಾರು? ಅರ್ಧ ಜನ ಲವೀನಿಯಾ ಅಂದರು. ಅರ್ಧ ಜನ ರೋಸಬೆಲ್ ಅಂದರು. ಪಾದ್ರಿಗಳು ಪ್ರಾರ್ಥನೆ ಮಾಡೋಣ ಎಂದರು. ಮಾಡಿದೆವು. ಕಣ್ಣು ಬಿಟ್ಟ ಮೇಲೂ ಅರ್ಧರ್ಧವೇ.

"ಇಲ್ಲೇ ತೋಡು," ಎಂದಳು ಅಕ್ಕ. ದನಿಯಲ್ಲಿ ಜೀವವಿರಲಿಲ್ಲ.

ಆಗ ಸೀಫಸ್ ಗುಂಪಿನಿಂದ ಈಚೆ ಬಂದು ಆ ಖಾಲಿ ನೆಲದ ಮೇಲೆ ಎರಡೂ ಕಾಲೂರಿ ನಿಂತ. "ಇಲ್ಲಿ ಯಾರೂ ಸನಿಕೆ ಹಾಕಕೂಡದು."

"ಸೀಫಸ್, ನಾಳೆ ಮಣ್ಣು ಕಣೋ."

"ಇಲ್ಲಿರೋದು ನಮ್ಮಮ್ಮ. ಈ ಜಾಗ ನಂಗೆ. ನಾನು ಸತ್ರೆ ನಮ್ಮಮ್ಮನ ಪಕ್ಕ ಮಲಗ್ಬೇಕು ಅಂತ ಎಷ್ಟು ವರ್ಷದಿಂದ ಅಂದ್ಕೊಂಡಿದೀನಿ ಗೊತ್ತಾ ನಿಂಗೆ? ಬೇಡ ಅಂದೆ. ಕೈ ಹಾಕ್ಬೇಡ ಅಂದೆ. ಕೇಳಿದ್ಯಾ ಅಕ್ಕ?"

"ನಮ್ಮಮ್ಮ ಇದ್ರೆ?"

"ಇದ್ರೆ ಅಂದ್ರೆ? ನಿಂಗೇ ಗೊತ್ತಿಲ್ಲ! ನಿಮ್ಮಮ್ಮ ಎಲ್ಲಿದ್ದಾಳೆ ಅಂತ ನಿಂಗೇ ಗೊತ್ತಿಲ್ಲ, ನನ್ನ ಜಾಗ ಕೇಳೋಕೆ ಬಂದಿದೀಯ!"

ನಾನು ಬಾಯಿ ಹಾಕಲು ಹೊರಟೆ. "ಲೋ ಸೀಫಸ್, ನಾಲಿಗೆ ಮೇಲೆ ಹಿಡಿತ ಇರ್ಲಿ" ಅಂದದ್ದೇ ತಡ, ಅಕ್ಕ ನನ್ನ ತೋಳು ಹಿಡಿದುಕೊಂಡಳು. "ಬಿಡೇ. ಅವನು ಹೇಳೋದು ಸರಿ." ಅಕ್ಕ ಯಾರಿಗಾದರೂ 'ನೀನು ಹೇಳುವುದು ಸರಿ' ಅಂದದ್ದನ್ನು ಆ ದಿನದವರೆಗೆ ನಾನು ಕೇಳಿರಲಿಲ್ಲ. ನನಗೆ ಅಳು ಬಂತು.

ಮನೆಗೆ ಬಂದ ಮೇಲೆ ಅವಳು ಊಟ ಮಾಡಲಿಲ್ಲ. ಯಾರೋ ಟೊಮೆಟೊ ಹಾಕಿದ ಕೆಂಪನ್ನ ತಂದಿಟ್ಟಿದ್ದರು, ಇನ್ಯಾರೋ ಸೀಗಡಿ ಹುರಿದು ತಂದಿದ್ದರು, ಎಲ್ಲ ಮೇಜಿನ ಮೇಲೆ ಆರುತ್ತಿತ್ತು. ಊರಿನ ಹೊಸ ಸ್ಮಶಾನದಲ್ಲಿ, ಹೆದ್ದಾರಿಯ ಪಕ್ಕ, ಬೇಕಾದಷ್ಟು ಜಾಗವಿದೆ ಎಂದು ಪಾದ್ರಿಗಳು ಮೆಲ್ಲಗೆ ಹೇಳಿ ಹೋದರು. ಅಕ್ಕ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಹೆದ್ದಾರಿ ಪಕ್ಕ ಅವನಿಗೆ ಯಾರು ಗೊತ್ತಿದ್ದಾರೆ ಪರ್ಲೀ?" ಎಂದಳು. "ಒಂದೇ ಒಂದು ಕೆಲಸ ಹೇಳಿ ಹೋಗಿದ್ಲು ಅಮ್ಮ. ಬೇರೆಯವರ ಬಟ್ಟಲು ಜೋಡಿಸ್ತಾ ಜೋಡಿಸ್ತಾ ನಮ್ಮಮ್ಮನ್ನೇ ಕಳ್ಕೊಂಡ್ನಲ್ಲೇ."

ಬಾಯಿಬಡುಕಿ ಅನ್ನಿಸಿಕೊಂಡ ನಾನು ಎದ್ದು, ಆರಿದ ಅನ್ನಕ್ಕೂ ಸೀಗಡಿಗೂ ತಟ್ಟೆ ಮುಚ್ಚಿಟ್ಟೆ.

ಶನಿವಾರ ಬೆಳಿಗ್ಗೆ ಬೇಗನೆ ಇಬ್ಬರೂ ದಿಬ್ಬಕ್ಕೆ ಹೋದೆವು. ಇನ್ನೊಂದು ಸಲ ಸೀಫಸನ ಕಾಲು ಹಿಡಿದು ಕೇಳುತ್ತೇನೆ, ಇಲ್ಲವೆಂದರೆ ಹೆದ್ದಾರಿ ಪಕ್ಕಕ್ಕೇ ಒಯ್ಯೋಣ ಎಂದು ಅಕ್ಕ ತೀರ್ಮಾನ ಮಾಡಿದ್ದಳು. ಓಕ್ ಮರದ ಮೂಲೆಗೆ ಬಂದರೆ ಸೀಫಸ್ ಆಗಲೇ ಅಲ್ಲಿದ್ದ. ಕೋಟು ಬಿಚ್ಚಿ ಬೇರಿನ ಮೇಲೆ ಹಾಕಿ, ಮೊಣಕಾಲುದ್ದದ ಗುಂಡಿಯೊಳಗೆ ನಿಂತು ಅಗೆಯುತ್ತಿದ್ದ. ಎಲೈಜಾ ದಂಡೆಯ ಮೇಲೆ ಕೂತು, "ನಂಗೆ ಸನಿಕೆ ಕೊಡ್ತಾನೇ ಇಲ್ಲಮ್ಮ ಇವನು," ಎಂದು ದೂರು ಹೇಳಿದ.

ಅಕ್ಕ ಗುಂಡಿಯನ್ನೂ ಅವನನ್ನೂ ನೋಡಿದಳು. "ಏನೋ ಇದು?"

"ನಿನ್ ಮೇಲೆ ಸಿಟ್ಟೇನೂ ಹೋಗಿಲ್ಲ ನಂಗೆ," ಎಂದ ಸೀಫಸ್, ಅಗೆಯುವುದನ್ನು ನಿಲ್ಲಿಸದೆ. "ಅದನ್ನ ಮೊದ್ಲು ತಿಳ್ಕೋ."

"ಆಯ್ತು."

ಅವನು ಇನ್ನೆರಡು ಸನಿಕೆ ಮಣ್ಣು ಎತ್ತಿಹಾಕಿ ಉಸಿರು ತೆಗೆದುಕೊಂಡ. "ಸಿಂಪಿ ಸುಲಿಯೋ ಶೆಡ್ಡಿಗೆ ನೀನೂ ನಿಮ್ಮಮ್ಮಾನೂ ನಸುಕಲ್ಲೇ ಹೋಗ್ತಿದ್ರಿ. ನೆನಪಿದ್ಯಾ? ಕತ್ತಲಿರ್ತಿತ್ತು. ಜೊನಾಸನ್ನ ನಮ್ಮನೇಲಿ ಬಿಟ್ಟು ಹೋಗ್ತಿದ್ರಿ."

"ನೆನಪಿದೆ. ನಿಮ್ಮಮ್ಮ ನೋಡ್ಕೊಳ್ತಿದ್ಲು."

"ನೋಡ್ಕೊಳ್ತಿದ್ಲಾ? ಹಾಸಿಗೆಗೇ ಹಾಕ್ಕೊಳ್ತಿದ್ಲು! ಅವನು ಗೋಡೆ ಕಡೆ, ಅಮ್ಮ ಈ ಕಡೆ. ನನ್ನನ್ನ ಎಬ್ಬಿಸಿ ನೆಲಕ್ಕೆ ತಳ್ತಿದ್ಲು. ಚಳಿಗಾಲ ಪೂರ್ತಿ. 'ನೀನು ಹೆದರಲ್ಲ, ಅವನು ಹೆದರ್ತಾನೆ' ಅನ್ನೋಳು. ನಾನೂ ಹೆದರ್ತಿದ್ದೆ ಅಕ್ಕ. ಹೇಳ್ತಿರ್ಲಿಲ್ಲ ಅಷ್ಟೇ." ಅವನು ತೋಳಿನಿಂದ ಮುಖ ಒರೆಸಿಕೊಂಡ. ಬೆವರೋ ಕಣ್ಣೀರೋ ಹೇಳಲಾರೆ. "ನಿನ್ನೆ ರಾತ್ರಿ ಪೂರ್ತಿ ಅದನ್ನೇ ಯೋಚಿಸ್ದೆ. ಇಲ್ಲಿರೋದು ನಿಮ್ಮಮ್ಮ ಆದ್ರೆ ಸರಿ ಹೋಯ್ತು. ನಮ್ಮಮ್ಮ ಆದ್ರೂ ಅವಳು ನನ್ನನ್ನ ಕರೆಯಲ್ಲ, ಅವನನ್ನೇ ಕರೀತಾಳೆ. ಗೋಡೆ ಕಡೆ ಜಾಗ ಅವಂದೇ. ಬಡ್ಡಿಮಗ, ಈಗ್ಲೂ ನನ್ನ ಹಾಸಿಗೆ ಹೊಡ್ಕೊಂಡ."

ಅಕ್ಕ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತಳು. ಅಳುವುದನ್ನು ಕೆಲಸ ಮುಗಿಯುವವರೆಗೂ ತಡೆದಿಟ್ಟಿದ್ದವಳು ಆಗ ಅತ್ತಳು. ಜೋರಾಗಿ, ಮಗುವಿನ ಹಾಗೆ, ಮೂಗು ಒರೆಸಿಕೊಳ್ಳುವ ಪರಿವೆಯೂ ಇಲ್ಲದೆ. ನಾನು ಪಕ್ಕದಲ್ಲಿ ಕೂತೆ. ಸೀಫಸ್ ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ ಅಗೆಯುತ್ತಲೇ ಇದ್ದ.

ಮಧ್ಯಾಹ್ನ ಹಾಡು, ಪ್ರಾರ್ಥನೆ ಎಲ್ಲ ಆಯಿತು. ಪೆಟ್ಟಿಗೆ ಇಳಿಸಿದರು. ಮೊದಲ ಹಿಡಿ ಮಣ್ಣು ಅಕ್ಕನದು. ಅವಳು ಗುಂಡಿಯ ಅಂಚಿಗೆ ಬಂದು ಮಣ್ಣು ಹಿಡಿದ ಕೈಯನ್ನು ಮುಂದಕ್ಕೆ ಚಾಚಿದವಳು ಹಾಗೇ ನಿಂತುಬಿಟ್ಟಳು. ತಮ್ಮನನ್ನು ಒಪ್ಪಿಸಬೇಕು, ಯಾರ ಹೆಸರು ಹಿಡಿದು ಒಪ್ಪಿಸುವುದು? ಅವಳು ಸೀಫಸನ ಕಡೆ ನೋಡಿದಳು. ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡು ತಲೆ ಬಗ್ಗಿಸಿದ್ದ.

ಆಮೇಲೆ ಅಕ್ಕ, ಪಕ್ಕದಲ್ಲಿದ್ದ ಆ ಹಳೇ ಗೋರಿಯ ಕಡೆ ಬಾಗಿದಳು. "ಅಮ್ಮಾ, ನೀನು ಯಾರಮ್ಮನೋ ನಂಗೊತ್ತಿಲ್ಲ. ಜೊನಾಸ್ ಬಂದಿದಾನೆ. ಸ್ವಲ್ಪ ಸರ್ಕೊಂಡು ಜಾಗ ಕೊಡು," ಎಂದು ಮಣ್ಣು ಬಿಟ್ಟಳು.